ಮಾಳಿಗೆಯ ಮೇಲಿನ ಹಲ್ಲು

ಯಂತ್ರ ಹಲ್ಲನ್ನು ಕೊರೆಯಲಿಲ್ಲ, ಕತ್ತರಿಸಲಿಲ್ಲ. ಗಾಜಿನ ಬಟ್ಟಲಲ್ಲಿದ್ದ ಆ ಪುಟ್ಟ ಬಾಚಿಹಲ್ಲಿನ ಸುತ್ತ ನೀಲಿ ಬೆಳಕನ್ನು ಒಂದು ಸುತ್ತು ಹಾಯಿಸಿತು, ಅಷ್ಟೇ. ತನುಜಾಳ ಎದುರಿನ ಪರದೆಯಲ್ಲಿ ಹಲ್ಲಿನ ಒಳಗೆಲ್ಲ ತೆರೆದುಕೊಂಡಿತು. ನಡುವೆ ಒಂದು ಕಾಲಕ್ಕೆ ತಿರುಳಿದ್ದ ಪೊಳ್ಳು, ಅದನ್ನು ಸುತ್ತಿದ ಹಳದಿ ಡೆಂಟಿನ್, ಎಲ್ಲಕ್ಕೂ ಹೊರಗೆ ಗಾಜಿನಂಥ ಎನಾಮಲ್. ಬೇರು ಇರಲಿಲ್ಲ. ಕೆಳಗಿನಿಂದ ಹೊಸ ಹಲ್ಲು ಮೇಲೇರುತ್ತಿದ್ದಂತೆ ಹಾಲುಹಲ್ಲಿನ ಬೇರು ಕರಗಿಹೋಗುತ್ತದೆ.

ಯಂತ್ರ ಎನಾಮಲ್ಲಿನ ಗೆರೆಗಳನ್ನು ಎಣಿಸತೊಡಗಿತು. ದಿನಕ್ಕೊಂದು ಗೆರೆ. ಬಸಿರಿನ ನಾಲ್ಕನೆಯ ತಿಂಗಳಿಗೇ ಹಲ್ಲು ಈ ದಿನಚರಿ ಬರೆಯಲು ಕೂರುತ್ತದೆ. ಮಗು ಹುಟ್ಟಿದ ದಿನ ಒಂದು ದಪ್ಪ ಗೆರೆ ಎಳೆಯುತ್ತದೆ, ಆಮೇಲೆ ಎರಡು ಮೂರು ತಿಂಗಳಿಗೆ ಬಾಚಿಹಲ್ಲಿನ ಪುಸ್ತಕ ಮುಗಿಯುತ್ತದೆ. ಮುರಿದ ಮೂಳೆ ಕೂಡುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಎನಾಮಲ್ ಮಾತ್ರ ಬರೆದದ್ದನ್ನು ಅಳಿಸುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳೇ ಕೆಲಸ ಮುಗಿಸಿ ಸತ್ತಿರುತ್ತವೆ. ತಾಯಿ ಉಪವಾಸ ಬಿದ್ದರೆ ಆ ದಿನಗಳ ಗೆರೆ ಕಪ್ಪಾಗಿ ಒತ್ತಿಕೊಂಡಿರುತ್ತದೆ.

ಹೊಟ್ಟೆಗಿಲ್ಲದ ಬಸುರಿಯರು ಎಲ್ಲಿದ್ದಾರೆಂದು ತಿಳಿದು ನೆರವು ಕೊಡಿಸಲೆಂದೇ ಡಾ. ಕಾತ್ಯಾಯಿನಿ ಬಳಿಗಾರ ಈ ಯಂತ್ರವನ್ನು ಕಟ್ಟಿದ್ದರು. ಹಲ್ಲೋಲೆ ಎಂದು ಹೆಸರಿಟ್ಟವರೂ ಅವರೇ. 2055ರ ಹೊತ್ತಿಗೆ ಅದರ ಸುತ್ತ ನಿಯಮಗಳು ಬೆಳೆದಿದ್ದವು. ಎರಡನೆಯ ತರಗತಿಯ ಪ್ರತಿ ಮಗುವಿನ ಮೊದಲು ಬಿದ್ದ ಹಲ್ಲು ಹಲ್ಲೋಲೆ ಕೇಂದ್ರಕ್ಕೆ ಬರಬೇಕು. ಬಸಿರಿನಲ್ಲಿ ಹೇಗೆ ಉಂಡೆ ಎಂದು ತಾಯಿ ಬರೆದುಕೊಡಬೇಕು. ಎರಡೂ ತಾಳೆಯಾಗದಿದ್ದರೆ ತಾಯಿ ನಂಬಿಕೆಗೆ ಅರ್ಹಳಲ್ಲ. ಮಗು ತಾಯಿಯನ್ನು ಬಿಟ್ಟು ಆರು ತಿಂಗಳು ಪೋಷಣಾಲಯದಲ್ಲಿರಬೇಕು.

ಪರದೆಯ ಮೇಲೆ ಕಪ್ಪು ಪಟ್ಟಿ ಮೂಡಿತು. ಹುಟ್ಟಿದ ಗೆರೆಗೆ ಮೂರು ತಿಂಗಳ ಹಿಂದೆ ಸಾಲಾಗಿ ಹನ್ನೊಂದು ದಿನ. ಐದನೆಯದೊಂದು ಮಾತ್ರ ತುಸು ತಿಳಿಯಾಗಿತ್ತು.

ತನುಜಾ ತಲೆಯೆತ್ತಿ ಎದುರಿನ ಬೆಂಚನ್ನು ನೋಡಿದಳು. ತಾಯಿ ಭೂಮಿಕಾ, ಅವಳ ತಾಯಿ ಹುಲಿಗೆಮ್ಮ, ನಡುವೆ ಏಳು ವರ್ಷದ ಅಕ್ಷರಾ. ಹುಡುಗಿ ಅಲ್ಲಾಡುತ್ತಿದ್ದ ಇನ್ನೊಂದು ಹಲ್ಲನ್ನು ನಾಲಿಗೆಯಿಂದ ಒಂದೇ ಸಮನೆ ನೂಕುತ್ತಿದ್ದಳು. ತನುಜಾಳಿಗೆ ಜನರೊಡನೆ ಮಾತು ಕಷ್ಟ. ಹಲ್ಲುಗಳೊಡನೆ ಸುಲಭ, ಅವು ಸುಳ್ಳು ಹೇಳುವುದಿಲ್ಲ. ನಾಲ್ಕು ವರ್ಷದಲ್ಲಿ ನೂರಾ ಹನ್ನೆರಡು ತಾಯಂದಿರ ಸುಳ್ಳನ್ನು ಅವಳು ಹೀಗೆಯೇ ಹಿಡಿದಿದ್ದಳು. ಈ ಹಲ್ಲಿನ ಪೊಳ್ಳಿನಲ್ಲಿ ಮಣ್ಣು ಗಟ್ಟಿಯಾಗಿ ಕೂತಿದ್ದನ್ನು ನೋಡಿದಾಗಲೇ ಅನುಮಾನ ಬಂದು, ಕಡತದ ಅಂಚಿನಲ್ಲಿ 'ಸ್ವಚ್ಛತೆ ಸಾಲದು' ಎಂದು ಬರೆದಿಟ್ಟಿದ್ದಳು.

"ಮೂರು ಹೊತ್ತೂ ಊಟ ಮಾಡಿದ್ದೆ ಅಂತ ಬರೆದಿದ್ದೀರಿ," ಎಂದಳು.

"ಹೌದ್ರೀ ಮೇಡಂ. ನಮ್ಮವ್ವ ಬಿಡಬೇಕಲ್ಲ! ಬ್ಯಾಡಂದ್ರೂ ತುರುಕತಿದ್ಲು."

"ಹನ್ನೊಂದು ದಿನ ನೀವು ಏನೂ ತಿಂದಿಲ್ಲ."

ಭೂಮಿಕಾ ನಕ್ಕಳು. ತನುಜಾ ನಗಲಿಲ್ಲ ಎಂದು ಕಂಡ ಮೇಲೆ ಮುಖ ಬಾಡಿತು. "ಯಾರು ಹೇಳಿದ್ರು ನಿಮಗ?"

"ನಿಮ್ಮ ಮಗಳ ಹಲ್ಲು."

"ನನ್ನ ಮಗಳ ಹಲ್ಲಿಗೆ ನನ್ನ ಮ್ಯಾಲೆ ಯಾಕ್ರೀ ಸಿಟ್ಟು?" ಅವಳ ಕೈ ಆಗಲೇ ಹುಡುಗಿಯ ಲಂಗದ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಮಗುವನ್ನು ಪೋಷಣಾಲಯಕ್ಕೆ ಕಳಿಸುವ ಆದೇಶದ ಹಾಳೆ ಯಂತ್ರದಿಂದ ತಾನಾಗಿಯೇ ಹೊರಬಂತು. ಅಂದು ಕೊಪ್ಪಳದ ಈ ಕೇಂದ್ರವನ್ನು ನೋಡಲು ಬಂದಿದ್ದ ಡಾ. ಕಾತ್ಯಾಯಿನಿ ಅದನ್ನು ಎತ್ತಿಕೊಂಡು ಓದಿದರು. ನಂತರ ಪರದೆಯ ಹತ್ತಿರ ಬಗ್ಗಿ ಹಲ್ಲಿನ ಪೊಳ್ಳನ್ನು ನೋಡಿದರು.

"ತನುಜಾ, ಈ ಮಣ್ಣು ಎಲ್ಲಿಯದು?"

"ಕೇಳಲಿಲ್ಲ, ಮೇಡಂ."

"ಕೇಳಬೇಕಲ್ಲವಾ?"

ಕೇಳುವ ಮೊದಲೇ ಅಕ್ಷರಾ ಉತ್ತರ ಕೊಟ್ಟಳು. "ಮಾಳಿಗಿ ಮಣ್ಣು! ನಾನು ಹಲ್ಲು ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗದಿದ್ದೆ. ಆಮ್ಯಾಲೆ ಸಾಲಿಯವ್ರು ಹಲ್ಲು ತಗೊಂಡು ಬಾ ಅಂದ್ರು. ಅವ್ವ ನಿಚ್ಚಣಿಕಿ ಹಾಕ್ಕೊಂಡು ಹತ್ತಿ ಹುಡುಕಿದ್ಲು. ಓಣಿ ಮಂದಿಯೆಲ್ಲಾ ನಿಂತು ನೋಡಿ ನಕ್ಕರು."

"ಮಣ್ಣಾಗ ಹೂತು ಒಣಗಿದ ಉಂಡಿ ಒಂದ ಸಿಕ್ತು," ಎಂದಳು ಭೂಮಿಕಾ. "ಒಡದೆ. ಒಳಗ ಹಲ್ಲಿತ್ತು. ತಂದೆ."

ಹುಲಿಗೆಮ್ಮ ಬೆಂಚಿನ ತುದಿಗೆ ಸರಿದಳು. ತನುಜಾಳ ಕಡೆ ತಿರುಗಿದಳು. "ತಂಗೀ, ಎಷ್ಟು ದಿನ ಅಂದಿ?"

"ಹನ್ನೊಂದು."

"ಹುಟ್ಟೋದಕ್ಕ ಎಷ್ಟು ಮುಂಚೆ?"

"ಮೂರು ತಿಂಗಳು."

ಮುದುಕಿ ಬೆರಳ ಗಿಣ್ಣುಗಳ ಮೇಲೆ ಹೆಬ್ಬೆರಳಾಡಿಸುತ್ತ ಹೋದಳು. ನಡುವಿನ ಒಂದು ಗಿಣ್ಣಿನ ಮೇಲೆ ತಡೆದಳು.

"ಐದನೇ ದಿನ ಏನರ ತಿಂದಾಳೇನು? ನೋಡು."

ತನುಜಾ ಪರದೆಯತ್ತ ತಿರುಗಿದಳು. ಆ ತಿಳಿಗೆರೆಯ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. "ನಿಮಗೆ ಹೇಗೆ ಗೊತ್ತು?"

"ಹಿರಿಯೂರು ದಾಟಿದ ಮ್ಯಾಲೆ ಲಾರಿ ಡ್ರೈವರ್ ಒಬ್ಬಾವ ತನ್ನ ಬುತ್ತಿ ಬಿಚ್ಚಿ ಕೊಟ್ಟಿದ್ದ. ಚಿತ್ರಾನ್ನ." ಹುಲಿಗೆಮ್ಮ ಪರದೆಯತ್ತ ಬೆರಳು ತೋರಿಸಿದಳು. "ಅದು ನನ್ನ ಮೊಮ್ಮಗಳ ಹಲ್ಲಲ್ಲ, ತಂಗೀ. ನನ್ನ ಮಗಳದು. ಇಕಿನೂ ಅದ ಮಾಳಿಗಿ ಮ್ಯಾಲೆ ಒಗದಿದ್ಲು. ಕೊರೊನಾ ವರ್ಷ ನಾವು ಬೆಂಗಳೂರಾಗ ಕಟ್ಟಡದ ಕೆಲಸಕ್ಕಿದ್ವಿ. ಒಂದ ರಾತ್ರಿಗೆ ಎಲ್ಲಾ ಬಂದ್ ಮಾಡಿದ್ರು. ಬಸ್ಸಿಲ್ಲ, ರೈಲಿಲ್ಲ, ಕೂಲಿ ಇಲ್ಲ. ಹನ್ನೊಂದು ದಿನ ನಡಕೊಂತ ಊರಿಗೆ ಬಂದೆ, ಇಕಿನ್ನ ಹೊಟ್ಯಾಗ ಇಟ್ಕೊಂಡು. ಭೂಮಿ ಮ್ಯಾಲೆ ನಡದು ನಡದು ಉಳದೈತಲ್ಲ ಕೂಸು ಅಂತ ಭೂಮಿಕಾ ಅಂತ ಹೆಸರಿಟ್ಟೆ."

ಭೂಮಿಕಾ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಈ ಕತೆ ಅವಳಿಗೂ ಹೊಸದೆಂದು ಕಾಣುತ್ತಿತ್ತು.

ತರಬೇತಿಯ ಮೊದಲ ದಿನ ಡಾ. ಕಾತ್ಯಾಯಿನಿ ಹೇಳಿದ್ದ ಮಾತು ತನುಜಾಳ ನೋಟ್‌ಬುಕ್ಕಿನಲ್ಲಿ ಇಂದಿಗೂ ಇತ್ತು: ಹಲ್ಲಿಗೆ ದಿನ ಗೊತ್ತು, ಇಸವಿ ಗೊತ್ತಿಲ್ಲ. ಅಂದವಾಗಿ ಬರೆದುಕೊಂಡು ಮರೆತಿದ್ದಳು. ಆದರೂ ಅಭ್ಯಾಸಬಲದ ಅನುಮಾನ ಬಿಡಲಿಲ್ಲ. ಮಗುವನ್ನು ಉಳಿಸಿಕೊಳ್ಳಲು ಅಜ್ಜಿ ಕಟ್ಟಿದ ಕತೆಯಾಗಿದ್ದರೆ? ಆದರೆ ಆ ಐದನೆಯ ಗೆರೆಯನ್ನು ಯಾರು ಕಟ್ಟಲು ಸಾಧ್ಯ?

"ಇದನ್ನ ಕಿತ್ತ ಕೊಡ್ಲೇನು?" ಎಂದು ಅಕ್ಷರಾ ಕೇಳಿದಳು. ದೊಡ್ಡವರು ಬೇಡ ಎನ್ನುವಷ್ಟರಲ್ಲಿ ಎರಡು ಬೆರಳು ಹಾಕಿ ತಿರುವಿದಳು. ಕಣ್ಣಲ್ಲಿ ನೀರು, ಅಂಗೈಯಲ್ಲಿ ಹಲ್ಲು.

ನೀಲಿ ಬೆಳಕು ಮತ್ತೆ ಸುತ್ತಿತು. ನಾಲ್ಕನೆಯ ತಿಂಗಳಿಂದ ಹುಟ್ಟಿದ ಗೆರೆಯವರೆಗೆ, ಅಲ್ಲಿಂದಾಚೆಗೂ, ಗೆರೆಗಳು ಬಾಚಿದ ಕೂದಲಿನಂತೆ ನೇರವಾಗಿದ್ದವು. ಎಲ್ಲೂ ಕಪ್ಪಿಲ್ಲ.

"ನಾ ಹೇಳಲಿಲ್ಲೇನ್ರೀ?" ಎಂದಳು ಭೂಮಿಕಾ. ಅಳು ಈಗ ಬಂತು.

ಡಾ. ಕಾತ್ಯಾಯಿನಿ ಆದೇಶದ ಹಾಳೆಯನ್ನು ಹರಿದರು. ತನುಜಾ ಹೊಸ ಹಲ್ಲನ್ನು ತೊಳೆದು, ಒರೆಸಿ, ಹುಡುಗಿಯ ಕೈಗಿಟ್ಟಳು. ಹಲ್ಲು ಕೇಂದ್ರದಲ್ಲೇ ಉಳಿಯಬೇಕೆಂಬ ನಿಯಮವಿತ್ತು. "ಮಾಳಿಗೆಗೆ," ಎಂದಳು ಮೆಲ್ಲಗೆ.

ಆದರೆ ಹಲ್ಲೋಲೆ ಹಳೆಯ ಹಲ್ಲಿನ ಕಡತ ಮುಚ್ಚಲು ಒಪ್ಪಲಿಲ್ಲ. ಹನ್ನೊಂದು ದಿನಕ್ಕೆ ಕಾರಣ ತುಂಬಿರಿ ಎಂದು ಕೇಳುತ್ತಲೇ ಇತ್ತು. ತಾಯಿಯ ನಿರ್ಲಕ್ಷ್ಯ, ತಾಯಿಯ ಅಜ್ಞಾನ, ತಾಯಿಯ ಕಾಯಿಲೆ. ಆಯ್ಕೆ ಮೂರೇ.

"ಈ ಮೂರನ್ನು ಬರೆದಿಟ್ಟವಳು ನಾನೇ," ಎಂದರು ಡಾ. ಕಾತ್ಯಾಯಿನಿ. "ಇವರು ನಡೆದ ಆ ವರ್ಷ ನಾನು ಪಿಯುಸಿ ಹುಡುಗಿ. ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದಿದ್ದೆ."

ತನುಜಾ ಮೂರರಲ್ಲಿ ಯಾವುದನ್ನೂ ಒತ್ತಲಿಲ್ಲ. ಎದ್ದು ಹೋಗಿ ಕಪಾಟು ತೆರೆದಳು. ನೂರಾ ಹನ್ನೆರಡು ಕಡತಗಳು, ಎಲ್ಲದರ ಮೇಲೂ ಅವಳದೇ ದುಂಡು ಅಕ್ಷರ. ಉಂಡಿದ್ದೀರಾ ಎಂದು ಪ್ರತಿಯೊಬ್ಬರನ್ನೂ ಕೇಳಿದ್ದಳು. ಯಾಕೆ ಉಣ್ಣಲಿಲ್ಲ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಮೊದಲನೆಯ ಕಡತವನ್ನು ಹೊರತೆಗೆದು, ಅದರಲ್ಲಿದ್ದ ತಾಯಿಯ ಫೋನ್ ನಂಬರನ್ನು ಹುಡುಕತೊಡಗಿದಳು.

ಹುಲಿಗೆಮ್ಮ ಮಗಳ ಹಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಆ ದಾರ್ಯಾಗ ನನ್ನ ಜೋಡಿ ಇನ್ನೂ ಮೂರು ಮಂದಿ ಬಸುರಿ ಹೆಣ್ಮಕ್ಕಳಿದ್ರು, ತಂಗೀ. ಆ ಕೂಸುಗಳ ಹಲ್ಲು ಯಾರ ಮಾಳಿಗಿ ಮ್ಯಾಲೆ ಅದಾವೋ."