ಮೂರೆಳೆ ಕುಂಚ

ಟ್ರೋಫಿಗೆ ಚಿನ್ನದ ನೀರು ಹಿಡಿಸುವುದು ಅವನ ಕೆಲಸ. ಅದನ್ನು ಎತ್ತಿಕೊಂಡು ಮನೆಗೆ ಹೋಗುವುದು ಭಾವನ ಕೆಲಸ. ಕಿರುಗೊಂಬೆಗಳಿಗೆ ಬಣ್ಣ ಬರೆಯುವ ಸ್ಪರ್ಧೆಯವರು ಪ್ರತಿವರ್ಷ ತಮ್ಮ ಟ್ರೋಫಿಯನ್ನು ಗಿಲೀಟಿಗೆ ಕಳಿಸುತ್ತಿದ್ದುದು ಅವನು ಮೇಸ್ತ್ರಿಯಾಗಿದ್ದ ಕಾರ್ಖಾನೆಗೇ. ಅವನು ಅದನ್ನು ತೊಟ್ಟಿಯಲ್ಲಿ ಅದ್ದಿ, ತೊಳೆದು, ಮೆದು ಬಟ್ಟೆಯಲ್ಲಿ ಉಜ್ಜಿ, ಅದರ ಹೊಟ್ಟೆಯಲ್ಲಿ ತನ್ನ ಮುಖ ಡೊಂಕಾಗಿ ಕಾಣುವವರೆಗೆ ಹೊಳಪು ಕೊಡುತ್ತಿದ್ದ. ಆಮೇಲೆ ವೇದಿಕೆಯ ಮೇಲೆ ಭಾವ ಅದನ್ನು ಎತ್ತಿ ಹಿಡಿದಾಗ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಎರಡನೇ ಬಹುಮಾನ ಅವನಿಗೆ ಕಟ್ಟಿಟ್ಟ ಬುತ್ತಿ. ಗೆಳೆಯರು ಅವನನ್ನು ಗಿಲೀಟು ಎಂದು ಕರೆಯುತ್ತಿದ್ದರು, ಆ ಹೆಸರಿನಲ್ಲಿ ಪ್ರೀತಿ ಎಷ್ಟು ಕುಹಕ ಎಷ್ಟು ಎಂದು ಅವನಿಗೆ ಬಗೆಹರಿದಿರಲಿಲ್ಲ.

ಭಾವ ಎಂದರೆ ಹೆಂಡತಿಯ ಅಣ್ಣ, ಗಡಿಯಾರ ರಿಪೇರಿಯವನು. ಶಾಲೆಯಲ್ಲಿ ಇಬ್ಬರೂ ಜೀವದ ಗೆಳೆಯರು. ಗೆಳೆಯನಾಗಿದ್ದಾಗ ಇವನು ಅವನನ್ನು 'ನೀನು' ಎನ್ನುತ್ತಿದ್ದ; ತಂಗಿಯನ್ನು ಕೊಟ್ಟ ಮೇಲೆ 'ನೀವು' ಎನ್ನಬೇಕಾಯಿತು. ಭಾವ ಮಾತ್ರ ಮೊದಲಿನಂತೆ 'ನೀನು' ಎನ್ನುತ್ತಲೇ ಉಳಿದ. ಬಣ್ಣದ ಹುಚ್ಚೂ ಇಬ್ಬರಿಗೂ ಒಟ್ಟಿಗೇ ಹಿಡಿದದ್ದು. ಹೆಬ್ಬೆರಳುದ್ದದ ಸೀಸದ ಗೊಂಬೆ, ಅದಕ್ಕೆ ಅಂಗಿ, ಅಂಗಿಗೆ ಗುಂಡಿ, ಮುಖದಲ್ಲಿ ಸಾಸಿವೆಗಿಂತ ಸಣ್ಣ ಕಣ್ಣು. ಮೊದಮೊದಲು ಒಂದು ವರ್ಷ ಇವನು ಗೆದ್ದರೆ ಇನ್ನೊಂದು ವರ್ಷ ಅವನು. ಆಮೇಲೆ, ಈ ಮೂರು ವರ್ಷಗಳಿಂದ, ಭಾವನ ಗೊಂಬೆಗಳ ಕಣ್ಣಿಗೆ ಅದೆಲ್ಲಿಂದಲೋ ಜೀವ ಬಂತು. ಅವು ನೋಡುವವರನ್ನೇ ತಿರುಗಿ ನೋಡುತ್ತಿದ್ದವು. ಅವುಗಳ ಪಕ್ಕದಲ್ಲಿ ಇವನ ಗೊಂಬೆಗಳು ನಿದ್ದೆಯಿಂದ ಎಬ್ಬಿಸಿದವರಂತೆ ಬೆಪ್ಪಾಗಿ ನಿಲ್ಲುತ್ತಿದ್ದವು.

ಅದನ್ನೂ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಸ್ಪರ್ಧೆಯವರು ಹೊಸ ನಿಯಮ ಮಾಡಿದರು: ಈ ಸಲವೂ ಭಾವನೇ ಗೆದ್ದರೆ ಮುಂದಿನ ವರ್ಷದಿಂದ ಅವನು ಕಾಯಂ ತೀರ್ಪುಗಾರ. ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದಾಗ ಭಾವ ಹೇಳಿದ, "ಇನ್ಮೇಲೆ ನಿನ್ನ ಗೊಂಬೆಗೆ ಮಾರ್ಕ್ಸ್ ಹಾಕೋನು ನಾನೇ ಗಿಲೀಟು. ಹೆದರ್ಬೇಡ, ಪಾಸ್ ಮಾಡಿಸ್ತೀನಿ."

ಎಲ್ಲರೂ ನಕ್ಕರು. ಹೆಂಡತಿಯೂ ನಕ್ಕಳು. ಸೋತಾಗಲೆಲ್ಲ "ಬಿಡ್ರಿ, ಮುಂದಿನ ಸಲ" ಎಂದು ತಲೆ ಸವರುತ್ತಿದ್ದ ಹೆಂಡತಿ. ಜೀವ ಇರುವವರೆಗೆ ಪ್ರತಿವರ್ಷ ಭಾವನ ಎದುರು ಗೊಂಬೆ ಹಿಡಿದುಕೊಂಡು ನಿಲ್ಲಬೇಕು, ಅವನು ಭೂತಗನ್ನಡಿ ತೆಗೆದು ನೋಡಿ 'ಪರವಾಗಿಲ್ಲ' ಎನ್ನಬೇಕು.

ಉಪಾಯ ಹೊಳೆದದ್ದು ಕಾರ್ಖಾನೆಯಲ್ಲಿ. ಒಳಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು, ಅದರ ಬೀಗದ ಕೈ ಮೇಸ್ತ್ರಿಯ ಸೊಂಟದಲ್ಲಿ. ಅದರೊಳಗಿನ ಡಬ್ಬಗಳಲ್ಲೊಂದರ ಪುಡಿ ಹಿಂದೆ ಒಬ್ಬ ಕೆಲಸಗಾರನ ಬಾಯಿಗೆ ಹೋಗಿತ್ತು. ಅವನಿಗೆ ಒಂದೆರಡು ತಾಸು ಏನೂ ಆಗಲಿಲ್ಲ; ಮನೆಗೆ ಹೊರಟವನು ಗೇಟಿನ ಹತ್ತಿರ ಎದೆ ಹಿಡಿದುಕೊಂಡು ಕುಸಿದ. ಮೇಸ್ತ್ರಿಯಾಗಿ ಇವನೇ ಆಸ್ಪತ್ರೆಗೆ ಓಡಿ ಪುಡಿಯ ಹೆಸರು ಹೇಳಿದ್ದರಿಂದ ಆತ ಉಳಿದುಕೊಂಡ. "ಹೆಸರು ಹೇಳದೆ ಇದ್ದಿದ್ರೆ ಹಾರ್ಟ್ ಅಟ್ಯಾಕ್ ಅಂತ ಬರೆದು ಕೈ ತೊಳ್ಕೋತಿದ್ವಿ" ಎಂದಿದ್ದರು ಡಾಕ್ಟರು. ಆಗ ಎಲ್ಲರೂ ಅವನ ಸಮಯಪ್ರಜ್ಞೆಯನ್ನು ಹೊಗಳಿದ್ದರು. ಈಗ ಅವನಿಗೆ ಡಾಕ್ಟರ ಮಾತಷ್ಟೇ ಕಿವಿಯಲ್ಲಿ ಉಳಿದಿತ್ತು. ಭಾವನಿಗಂತೂ ಎದೆಯ ಕಾಯಿಲೆ ಇದ್ದದ್ದೇ. ಸ್ಟೆಂಟ್ ಹಾಕಿಸಿಕೊಂಡು ಬಂದಾಗ, ಗಡಿಯಾರದವನ ಎದೆಗೂ ಸ್ಪ್ರಿಂಗ್ ಬಂತು ಎಂದು ಗೆಳೆಯರು ತಮಾಷೆ ಮಾಡಿದ್ದರು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ಅವನಿಗೆ ಹಾವು ಸಾಯಲೇಬೇಕಿತ್ತು; ಕೋಲು ಯಾರ ಕಣ್ಣಿಗೂ ಬೀಳಬಾರದಿತ್ತು. ಆ ಕೋಲು ಭಾವನ ಪೆಟ್ಟಿಗೆಯಲ್ಲೇ ಇತ್ತು. ಬಣ್ಣಗಾರರು ಅದನ್ನು ಮೂರೆಳೆ ಎನ್ನುತ್ತಾರೆ: ತುದಿಯಲ್ಲಿ ಮೂರೇ ಕೂದಲಿರುವ ಕುಂಚ. ಅದರಿಂದ ಬರೆಯುವುದು ಗೊಂಬೆಯ ಕಣ್ಣುಪಾಪೆಯನ್ನು ಮಾತ್ರ. ಮೂರು ಕೂದಲೂ ಸೇರಿ ಒಂದು ಮೊನೆಯಾಗಬೇಕಾದರೆ ಅದನ್ನು ತುಟಿಯ ನಡುವೆ ಹಿಡಿದು ಎಂಜಲಲ್ಲಿ ಎಳೆಯಬೇಕು. ನೀರಿಗೆ ಆ ಹದ ಬರುವುದಿಲ್ಲ. ಮಾಡಬಾರದೆಂದು ಬಣ್ಣದ ಡಬ್ಬಿಯ ಮೇಲೆ ಬರೆದಿರುತ್ತದೆ. ಓದಿದವರೂ ಮಾಡುತ್ತಾರೆ, ಅವನೂ ಮಾಡುತ್ತಿದ್ದ.

ಭಾವ ಕಣ್ಣು ಬರೆಯುತ್ತಿದ್ದುದು ಸ್ಪರ್ಧೆಯ ಹಿಂದಿನ ದಿನ, ವಸತಿಗೃಹದ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಆಗ ಯಾರೂ ಒಳಗೆ ಹೋಗುವಂತಿಲ್ಲ. ಅದೊಂದು ದೊಡ್ಡಸ್ತಿಕೆ ಎಂದು ಇವನು ಒಳಗೊಳಗೇ ಬೈದುಕೊಳ್ಳುತ್ತಿದ್ದ. ಈಗ ಅದೇ ದೊಡ್ಡಸ್ತಿಕೆ ಉಪಕಾರಕ್ಕೆ ಬಂತು. ಭಾವ ಕುಸಿದ ಮೇಲಿನ ಗೌಜು ಗದ್ದಲದಲ್ಲಿ ಆ ಮೂರೆಳೆಯನ್ನು ಜೇಬಿಗೆ ಹಾಕಿಕೊಂಡು, ಅಂಥದ್ದೇ ಇನ್ನೊಂದನ್ನು ಅಲ್ಲಿಟ್ಟರಾಯಿತು. ಊರು ಹೊಸದು, ಡಾಕ್ಟರು ಹೊಸಬರು, ಮೇಜಿನ ಮೇಲೆ ಎದೆಯ ಮಾತ್ರೆಗಳು. ಮತ್ತೆ ಮಾರನೆಯ ದಿನ ಭಾವನ ಅರ್ಧಕ್ಕೆ ನಿಂತ ಗೊಂಬೆಗೆ ತಾನೇ ಕಣ್ಣು ಬರೆದು, ಗೆಳೆಯನ ನೆನಪಿಗೆಂದು ಸ್ಪರ್ಧೆಯ ಮೇಜಿನ ಮೇಲಿಡುವುದು. ಇದು ಯೋಜನೆಗೆ ಬೇಕಾಗಿರಲಿಲ್ಲ. ಅದನ್ನು ನೆನೆದಾಗ ಮಾತ್ರ ಅವನ ಕಣ್ಣಲ್ಲಿ ನೀರು ಬರುತ್ತಿತ್ತು, ಆ ನೀರು ನಿಜವೆಂದೇ ಅವನು ನಂಬಿದ್ದ.

ಸ್ಪರ್ಧೆ ನಡೆಯುವ ಊರಿಗೆ ಹೊರಟದ್ದು ನಾಲ್ವರು: ಅವನು, ಹೆಂಡತಿ, ಭಾವ, ಮತ್ತೆ ಬೇಕರಿಯ ವ್ಯಾನು ಓಡಿಸುವ ಗೆಳೆಯ. ಬಾಯಿಗೆ ಬೀಗವಿಲ್ಲದ ಆ ಗೆಳೆಯನಿಗೆ ರೇಡಿಯೋ ಎಂದು ಹೆಸರು. ವ್ಯಾನಿಗೆಲ್ಲ ಬ್ರೆಡ್ಡಿನ ವಾಸನೆ. ಹಿಂದಿನ ಬಾಗಿಲನ್ನು ಹೊರಗಿನಿಂದ ಯಾರಾದರೂ ತೆಗೆಯಬೇಕು. ಒಳಗಿನ ಹಿಡಿ ಮುರಿದು ಯಾವ ಕಾಲವಾಯಿತೋ. ಅಲ್ಲೇ ಹೆಂಡತಿಯ ಪಕ್ಕ, ಎರಡು ಮೊಣಕಾಲಿನ ಮೇಲೆ ಎರಡು ಪೆಟ್ಟಿಗೆ ಇಟ್ಟುಕೊಂಡು ಅವನು ಕೂತ. ಒಂದರಲ್ಲಿ ಅವನ ಬಂಗಾರದ ಕವಚದ ಸೇನಾಪತಿ. ಇನ್ನೊಂದರಲ್ಲಿ ಭಾವನ ಗೊಂಬೆ, ಸೂಜಿಗೆ ದಾರ ಪೋಣಿಸುತ್ತಿರುವ ಮುದುಕಿ.

"ಎರಡೂ ನಿನ್ ಹತ್ರಾನೇ ಇರ್ಲಿ ಗಿಲೀಟು" ಎಂದ ಭಾವ ಮುಂದಿನ ಸೀಟಿನಿಂದ. "ನಿನ್ನ ಕೈಲಿದ್ರೆ ನಂಗೆ ಚಿಂತೆಯಿಲ್ಲ."

ದಾರಿಬದಿಯ ಹೋಟೆಲಿನಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ಪೆಟ್ಟಿಗೆ ಕಾಯುತ್ತೇನೆಂದು ಅವನು ವ್ಯಾನಿನಲ್ಲೇ ಉಳಿದ. ಕೆಲಸ ಎಷ್ಟು ಸುಲಭವಾಯಿತೆಂದರೆ ಅವನಿಗೇ ನಾಚಿಕೆಯಾಯಿತು. ಪುಡಿಯನ್ನು ನೀರಲ್ಲಿ ಕರಗಿಸಿ ತಂದಿದ್ದ ಪುಟ್ಟ ಸೀಸೆಯ ಮುಚ್ಚಳ ತೆಗೆದು, ಮೂರೆಳೆಯನ್ನು ಅದ್ದಿ, ಗಾಳಿಗೆ ಹಿಡಿದು ಒಣಗಿಸಿ, ಇದ್ದಲ್ಲಿಯೇ ಇಟ್ಟ. ಕಿಟಕಿಯಾಚೆ ಭಾವ ಅರ್ಧ ಲೋಟ ಚಹಾ ಮಾತ್ರ ಹಾಕಿಸಿಕೊಂಡು, ಲೋಟವನ್ನು ಮೇಜಿನಿಂದ ಎತ್ತದೆ ಬಗ್ಗಿ ಹೀರುತ್ತಿದ್ದ. ಇಷ್ಟು ದೊಡ್ಡ ಕಲಾವಿದನಿಗೆ ಚಹಾ ಕುಡಿಯುವ ರೀತಿ ಗೊತ್ತಿಲ್ಲವಲ್ಲ ಎಂದು ಇವನು ತಿರಸ್ಕಾರದಿಂದ ನೋಡಿದ. ಹೆಂಡತಿ ಅವನಿಗೊಂದು ಲೋಟ ತಂದುಕೊಟ್ಟಳು. "ಬಿಸಿ ಇದ್ದಾಗ್ಲೇ ಕುಡೀರಿ. ನೀವೊಬ್ರೇ ಯಾಕೆ ಹೀಗೆ ಗೂಡಲ್ಲಿ ಕೂತಿರ್ತೀರೋ."

ವ್ಯಾನು ಮತ್ತೆ ಹೊರಟ ಮೇಲೆ ಭಾವ ಇದ್ದಕ್ಕಿದ್ದಂತೆ, "ಈ ಸಲ ಗೆದ್ರೆ ವೇದಿಕೆ ಮೇಲೆ ಒಂದು ಮಾತು ಹೇಳೋದಿದೆ ಕಣೋ" ಎಂದ.

"ಅಣ್ಣಾ, ಈಗ್ಯಾಕೆ ಅದೆಲ್ಲ" ಎಂದಳು ಹೆಂಡತಿ.

ತೀರ್ಪುಗಾರನಾಗುವ ಭಾಷಣ ಎಂದುಕೊಂಡ ಅವನು. ಇದ್ದಬದ್ದ ಕನಿಕರವೂ ಅಲ್ಲಿಗೆ ಆರಿತು. ಆದರೂ ಊರು ಹತ್ತಿರವಾಗುತ್ತಿದ್ದಂತೆ, ರೇಡಿಯೋ ಯಾವುದೋ ಹಳೆಯ ಶಾಲೆಯ ಕಿತಾಪತಿ ನೆನಪು ಮಾಡಿ, ಭಾವ ಕೆಮ್ಮು ಬರುವಷ್ಟು ನಕ್ಕು, "ಹೆಡ್‌ಮಾಸ್ಟರ್ ಕೇಳಿದಾಗ ಗಿಲೀಟು ನನ್ನ ಹೆಸರು ಹೇಳ್ಲೇ ಇಲ್ಲ ಕಣೋ, ತಾನೇ ಏಟು ತಿಂದ" ಎಂದಾಗ ಅವನ ಕೈ ಪೆಟ್ಟಿಗೆಯ ಚಿಲಕದ ಮೇಲೆ ಹೋಯಿತು. ಕುಂಚವನ್ನು ಕಿಟಕಿಯಿಂದ ಎಸೆದರೆ ಮುಗಿಯಿತು. ಆದರೆ ಪಕ್ಕದಲ್ಲಿ ಹೆಂಡತಿ ನೋಡುತ್ತಿದ್ದಳು, ಕನ್ನಡಿಯಲ್ಲಿ ರೇಡಿಯೋ ನೋಡುತ್ತಿದ್ದ. ಏನು ಮಾಡ್ತಿದ್ದೀಯ ಎಂದರೆ ಏನೆಂದು ಹೇಳುವುದು? ಅಷ್ಟರಲ್ಲಿ ಭಾವ ಹಿಂದಕ್ಕೆ ತಿರುಗಿ, "ಕೊಡು ಇನ್ನು, ಕಾಲು ಜೋಮು ಹಿಡಿದಿರುತ್ತೆ" ಎಂದು ತನ್ನ ಪೆಟ್ಟಿಗೆಯನ್ನು ಇಸಿದುಕೊಂಡ. ವ್ಯಾನು ನಿಂತಾಗ ಒಳಗಿನಿಂದ ಬಾಗಿಲು ತೆಗೆಯಲು ಬರುವುದಿಲ್ಲವೆಂಬುದನ್ನು ಮರೆತು ಅವನು ಅದನ್ನು ಸುಮ್ಮನೆ ತಳ್ಳುತ್ತಾ ಕೂತಿದ್ದ.

ವಸತಿಗೃಹದಲ್ಲಿ ಅಕ್ಕಪಕ್ಕದ ಕೋಣೆಗಳು. ನಡುವೆ ತೆಳ್ಳನೆಯ ಗೋಡೆ, ಆ ಕಡೆ ಕುರ್ಚಿ ಎಳೆದರೂ ಈ ಕಡೆ ಕೇಳುತ್ತಿತ್ತು. ಭಾವ ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋದ. ಇನ್ನೂ ಹಗಲ ಬೆಳಕಿತ್ತು. ಕಣ್ಣು ಬರೆಯಲು ಆ ಬೆಳಕೇ ಬೇಕು.

ಒಂದು ವಿಷಯ ಮಾತ್ರ ಅವನ ಮನಸ್ಸನ್ನು ಕೊರೆಯುತ್ತಿತ್ತು. ಅಣ್ಣನ ಸಾವನ್ನು ತಂಗಿ ಕಣ್ಣಾರೆ ನೋಡಬಾರದು. ಅವಳನ್ನು ಅವನು ನಿಜವಾಗಿಯೂ ಪ್ರೀತಿಸುತ್ತಿದ್ದ. ಅವಳೊಮ್ಮೆ ತಾನೂ ಬಣ್ಣ ಹಾಕಿ ನೋಡಲೇ ಎಂದು ಕೇಳಿದಾಗ, ಇದು ಗುಂಡಿ ಹೊಲಿದ ಹಾಗಲ್ಲ ಎಂದು ರೇಗಿದ್ದೊಂದು ಬಿಟ್ಟರೆ ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ. ಆದ್ದರಿಂದ ತಲೆನೋವೆಂದು ಹಣೆ ಒತ್ತಿಕೊಂಡು ಹೇಳಿದ, "ರೇಡಿಯೋ ಜೊತೆ ಪೇಟೆಗೆ ಹೋಗಿ ಒಂದು ಮಾತ್ರೆ ತಂದುಬಿಡು. ಹಾಗೇ ಸ್ವಲ್ಪ ಸುತ್ತಾಡ್ಕೊಂಡು ಬಾ, ಅವಸರವಿಲ್ಲ."

"ಆಯ್ತು, ಮಲಕ್ಕೊಳ್ಳಿ" ಎಂದು ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಕೆಳಗೆ ವ್ಯಾನು ಹೊರಟ ಸದ್ದು ಕೇಳಿಸಿತು. ಈ ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಅವನು ಕಾಲು ಚಾಚಿದ.

ಗೋಡೆಯಾಚೆ ಕುರ್ಚಿ ಸರಿಯಿತು. ಭಾವ ಕೆಮ್ಮಿದ. ಆಮೇಲೆ ಎಲ್ಲ ನಿಶ್ಶಬ್ದ. ಕಣ್ಣು ಬರೆಯುವವರು ಉಸಿರು ಬಿಗಿಹಿಡಿಯುತ್ತಾರೆ. ಈಗ ಕುಂಚ ತುಟಿಗೆ ಹೋಗಿರುತ್ತದೆ, ಈಗ ಬಣ್ಣಕ್ಕೆ, ಮತ್ತೆ ತುಟಿಗೆ. ಅವನು ಮಲಗಿದಲ್ಲೇ ಮುಂದಿನದನ್ನು ಅಭ್ಯಾಸ ಮಾಡಿದ: ಬಾಗಿಲು ಬಡಿಯುವುದು, ಭಾವಾ ಎಂದು ಕೂಗುವುದು, ಧ್ವನಿ ಎಲ್ಲಿ ಒಡೆಯಬೇಕು ಎಂಬುದು. ಬೆಳಕು ಕಿಟಕಿಯಿಂದ ಜಾರಿ ಗೋಡೆಯ ಮೂಲೆಗೆ ಹೋಯಿತು. ಕುಸಿದ ಸದ್ದು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಪುಡಿ ತನ್ನ ಕೆಲಸ ಮಾಡಲು ಇನ್ನೂ ಹೊತ್ತು ಬೇಕಿತ್ತು.

ವ್ಯಾನು ವಾಪಸು ಬಂತು. ರೇಡಿಯೋ ಮೆಟ್ಟಿಲು ಹತ್ತಿ ಬಂದು ಮಾತ್ರೆಯ ಪೊಟ್ಟಣವನ್ನು ಹಾಸಿಗೆಯ ಮೇಲೆ ಎಸೆದ. ಅವನ ಹಿಂದೆ ಯಾರೂ ಇರಲಿಲ್ಲ.

"ಇವಳೆಲ್ಲಿ?"

"ಅಕ್ಕ ಬರ್ಲಿಲ್ವಲ್ಲ. ನಂಗಿಲ್ಲಿ ಕೆಲ್ಸ ಇದೆ, ನೀನೇ ತಗೊಂಡು ಬಾ ಅಂದ್ರು."

ಅವನು ಎದ್ದು ಪಡಸಾಲೆಗೆ ಬರುವುದಕ್ಕೂ ಪಕ್ಕದ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು. ಭಾವ ನಿಂತಿದ್ದ, ಗುಂಡುಕಲ್ಲಿನ ಹಾಗೆ, ನಗುತ್ತಾ. "ಮುಗೀತು, ಬಾ ನೋಡು" ಎಂದ. ಮೇಜಿನ ಮೇಲೆ ಮುದುಕಿ ಸೂಜಿಯ ಕಣ್ಣನ್ನು ಬಿಟ್ಟು ಅವನನ್ನೇ ನೋಡುತ್ತಿದ್ದಳು. ಮೇಜಿನ ಮುಂದಿನ ಕುರ್ಚಿಯಿಂದ ಎದ್ದು ಬಂದದ್ದು ಅವನ ಹೆಂಡತಿ. ಅವಳ ಬೆರಳ ಸಂದಿಯಲ್ಲಿ ಮೂರೆಳೆ, ಕೆಳತುಟಿಯ ಮೇಲೆ ಕಡ್ಡಿಮೊನೆಯಷ್ಟು ಕಪ್ಪು ಬಣ್ಣ. "ಮೂರು ವರ್ಷದಿಂದ ಅಣ್ಣನ ಕೈ ನಡುಗುತ್ತೆ ರೀ" ಎಂದಳು ತಲೆ ತಗ್ಗಿಸಿ. "ಕಣ್ಣು ಬರೀತಿದ್ದಿದ್ದು ನಾನೇ. ಯಾರಿಗೂ ಹೇಳ್ಬಾರ್ದು ಅಂತ ಮಾತು ತಗೊಂಡಿದ್ದ. ಈಗ ಅವನೇ ವೇದಿಕೆ ಮೇಲೆ ಹೇಳ್ತಾನಂತೆ, ಅದಕ್ಕೆ ಮೊದ್ಲು ನಿಮಗೆ ಗೊತ್ತಾಗ್ಲಿ ಅನ್ನಿಸ್ತು." ಪುಡಿಯ ಹೆಸರು ಈ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೇಳಿದರೆ ಅವಳು ಉಳಿಯುತ್ತಾಳೆ. ಅದು ಹೇಗೆ ಗೊತ್ತು ಎಂದು ಮರುಗಳಿಗೆಯೇ ಮೂವರೂ ಕೇಳುತ್ತಾರೆ. ಅವಳು ಹತ್ತಿರ ಬಂದು ಅವನ ತೋಳು ಹಿಡಿದುಕೊಂಡಳು. "ಬೇಜಾರಾಯ್ತಾ? ಬೈಯೋದಾದ್ರೆ ಬೈಯ್ರಿ, ಪರವಾಗಿಲ್ಲ. ಸುಮ್ನೆ ನಿಲ್ಬೇಡಿ, ಏನಾದ್ರೂ ಹೇಳಿ."