ಗ್ರೀಸ್ ಇಲ್ಲದ ಸೆಂಟು

"ರೀ... ಏನ್ರೀ ಇದು? ನನ್ನ ತೋಳು ಮೂಸ್ತಾ ಇದೀರಾ?"

ಸೈಕಲ್ ಅಂಗಡಿಯವನು ಬೆಚ್ಚಿ ಹಿಂದೆ ಸರಿದ. ಕೈಯಲ್ಲಿದ್ದ ಸ್ಪ್ಯಾನರ್ ಠಣ್ ಎಂದು ಬಿತ್ತು. ಪಂಕ್ಚರ್ ಹಾಕಿಸಲು ಬಂದ ಹುಡುಗಿ ತನ್ನ ಪಕ್ಕದಲ್ಲೇ ಬಗ್ಗಿ, ಕಣ್ಣು ಮುಚ್ಚಿ ನಿಂತಿದ್ದಾಳೆ!

ಅವಳ ಮುಖ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸಾರಿ... ತಪ್ಪು ತಿಳ್ಕೋಬೇಡಿ. ನಾನು ಸೆಂಟ್ ಮಾಡ್ತೀನಿ. ಹೂವಿನದ್ದಲ್ಲ. ಈಗಷ್ಟೇ ಗೀರಿದ ಬೆಂಕಿಕಡ್ಡಿ, ಇಸ್ತ್ರಿ ಬಿಸಿ ಆರದ ಅಂಗಿ, ಹೊಸದಾಗಿ ಪೇಂಟ್ ಬಳಿದ ಗೇಟು... ಅಂಥವು. ನಿಮ್ಮಂಗಡಿ ವಾಸನೆಗೆ ಮೈಮರೆತುಬಿಟ್ಟೆ."

"ಗೇಟಿನ ಸೆಂಟ್ ಯಾರ್ರೀ ಹಾಕ್ಕೋತಾರೆ?"

"ಒಬ್ಬ ಅಜ್ಜಿ! ಮೂಸಿದ ತಕ್ಷಣ ಅತ್ತೇಬಿಟ್ರು. ಅವರಪ್ಪ ಪ್ರತಿ ವರ್ಷ ಗೇಟಿಗೆ ಬಣ್ಣ ಬಳೀತಿದ್ರಂತೆ."

ಅವನು ನಕ್ಕ. ಒಂದೇ ಕೆನ್ನೆಯಲ್ಲಿ ಗುಳಿ ಬೀಳುವ ನಗು. ಅಷ್ಟೇ ಸಾಕಾಯಿತು, ನಮ್ಮ ಹುಡುಗಿ ಮನಸ್ಸು ಕಳೆದುಕೊಂಡಳು!

ಅಂದಿನಿಂದ ಸಂಜೆಯಾದರೆ ಆ ಅಂಗಡಿಯ ವಾಸನೆಯನ್ನೇ ಸೆಂಟ್ ಮಾಡಲು ಹಾಜರ್. ತಗಡಿನ ಡಬ್ಬದ ಮೇಲೆ ಕೂತು ಟ್ಯೂಬಿನ ರಬ್ಬರು, ತೇಪೆ ಅಂಟಿಸುವ ಸೊಲ್ಯೂಷನ್, ತುಕ್ಕು ಹಿಡಿದ ಚೈನು, ಪಂಕ್ಚರ್ ಹುಡುಕುವ ತೊಟ್ಟಿಯ ನೀರು ಎಲ್ಲವನ್ನೂ ಮೂಸುತ್ತಿದ್ದಳು. ಕಾಗದದ ಪಟ್ಟಿಗಳ ಮೇಲೆ ಹನಿ ಹಾಕಿ ಹೋಲಿಸುತ್ತಿದ್ದಳು. ಅವನು ಚಹಾ ತರಿಸುತ್ತಿದ್ದ, ಮಾತು ತೆಗೆಯುತ್ತಿದ್ದ. ಒಂದು ತಿಂಗಳಲ್ಲಿ ಮುಗಿಯುವ ಕೆಲಸವನ್ನು ಅವಳು ಬೇಕಂತಲೇ ಎಳೆದಳು. ಸಂತೋಷಕ್ಕೇನು ಅವಸರ?

ಕೊನೆಗೂ ಬಾಟಲಿ ಸಿದ್ಧವಾಯಿತು. ಇದರ ಜೊತೆ ಮನಸ್ಸಿನ ಮಾತನ್ನೂ ಹೇಳಿಬಿಡಬೇಕೆಂದು ಎದೆ ಗಟ್ಟಿ ಮಾಡಿಕೊಂಡು ಬಂದಳು.

ಅವನು ಪಟ್ಟಿ ಮೂಸಿದ. ಕಣ್ಣರಳಿತು.

"ಟ್ಯೂಬು... ತೊಟ್ಟಿ ನೀರು... ಅಯ್ಯೋ, ಚೈನು ಕೂಡ!"

ಮತ್ತೊಮ್ಮೆ ಮೂಸಿದ. ನಗು ಮಾಯವಾಯಿತು.

"ಗ್ರೀಸ್ ಎಲ್ಲಿ?"

"ಗ್ರೀಸಾ? ಅದರ ವಾಸನೆ ಇಲ್ಲಿ ಅಷ್ಟೇನೂ ಬರಲ್ವಲ್ಲ..."

"ಬರಲ್ವಾ? ನನ್ನ ಮೈಕೈಯೆಲ್ಲಾ ಅದೇ ಅಲ್ವೇನ್ರೀ!" ಅವನು ಪಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟ. "ಇರಲಿ ಬಿಡಿ. ಅಂಗಡಿ ಬೇಕು, ಅಂಗಡಿಯವನ ಗಲೀಜು ಬೇಡ. ಅರ್ಥ ಆಯ್ತು."

"ಹಾಗಲ್ಲ... ನಾನು..."

ಅವನಾಗಲೇ ಚಕ್ರವೊಂದನ್ನು ಎತ್ತಿಕೊಂಡು ಒಳಗೆ ಹೋಗಿದ್ದ. ಇಷ್ಟು ದಿನ ಮೂಸಿದರೂ ನಾನೇಕೆ ಗ್ರೀಸ್ ಬಿಟ್ಟೆ? ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡರೂ ಉತ್ತರ ಹೊಳೆಯಲಿಲ್ಲ.

ಮನೆ ಬಾಗಿಲಲ್ಲೇ ಅಕ್ಕ ಮೂಗು ಮುಚ್ಚಿಕೊಂಡಳು.

"ಮೊದ್ಲು ಬಟ್ಟೆ ಬದಲಾಯ್ಸು ಮಾರಾಯ್ತಿ. ದಿನಾ ಗ್ರೀಸ್ ನಾತ ಹೊತ್ಕೊಂಡ್ ಬರ್ತೀಯ!"

"ನನ್ನ ಮೇಲಾ?"

ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಅಂಚಿನಲ್ಲಿ ಕಪ್ಪು ಕಲೆ ಎದ್ದು ಕಾಣುತ್ತಿದೆ, ಮೂಗಿಗೆ ಮಾತ್ರ ಸುದ್ದಿಯೇ ಇಲ್ಲ!

ಅವಳು ಹಾಗೇ ನಿಂತಳು. ಆಮೇಲೆ ನಗು ಬಂತು, ಅದರ ಹಿಂದೆಯೇ ಅಳು. ಅಯ್ಯೋ ದಡ್ಡಿ... ಇಷ್ಟೂ ಗೊತ್ತಾಗಲಿಲ್ಲವೇ ನಿನಗೆ?

"ಏ, ಮತ್ತೆಲ್ಲಿಗೇ?" ಅಕ್ಕ ಕೂಗುತ್ತಿದ್ದಂತೆಯೇ ಅವಳು ರಸ್ತೆಗೆ ಓಡಿದ್ದಳು.

ಅವನು ಅಂಗಡಿಯ ಬಾಗಿಲು ಎಳೆಯುತ್ತಿದ್ದ.

"ನಿಲ್ಲಿ! ಒಂದು ಮಾತು ಕೇಳ್ತೀನಿ. ನಿಮ್ಮ ಮನೇಲಿ ಎಂಥ ವಾಸನೆ ಬರುತ್ತೆ?"

ಅವನು ಗಲಿಬಿಲಿಗೊಂಡ. "ನಮ್ಮನೇದು ನಮಗೆ ಹೇಗ್ರೀ ಗೊತ್ತಾಗುತ್ತೆ? ಬಂದೋರು ಹೇಳ್ಬೇಕು."

"ನನಗೂ ಅದೇ ಆಗಿರೋದು." ಅವಳು ಏದುಸಿರು ಬಿಡುತ್ತಲೇ ಹೇಳಿದಳು. "ಗ್ರೀಸ್ ಬೇಡ ಅಂತ ಬಿಡ್ಲಿಲ್ಲ. ನಿಮ್ಮ ವಾಸನೆ ನನ್ನ ಮೂಗಿಗೆ ಗೊತ್ತಾಗೋದೇ ನಿಂತೋಗಿದೆ... ನನ್ನ ಮನೇದು ಅನ್ನೋ ಹಾಗೆ."

ಅವನು ಬಾಗಿಲು ಬಿಟ್ಟು ಅವಳತ್ತ ತಿರುಗಿದ. ಗುಳಿ ಮೆಲ್ಲಗೆ ಮೂಡಿತು.

"ಹಾಗಾದ್ರೆ ಎಷ್ಟು ಹನಿ ಗ್ರೀಸ್ ಹಾಕ್ಬೇಕು ಅಂತ ಹೇಗೆ ತಿಳಿಯುತ್ತೆ?"

"ನೀವೇ ಹೇಳ್ಬೇಕು. ದಿನಾ ಪಕ್ಕದಲ್ಲಿ ಕೂತು."

ಅವನು ಅವಳತ್ತ ಕೈ ಚಾಚಿದವನು, ಏನೋ ನೆನಪಾಗಿ, ಒರೆಸಿಕೊಳ್ಳಲು ಬಟ್ಟೆ ಹುಡುಕಿದ. ಅಷ್ಟರಲ್ಲಿ ಅವಳೇ ಆ ಕೈ ಹಿಡಿದಿದ್ದಳು.

"ಕೈ ಕಪ್ಪಾಗುತ್ತೆ ಕಣೇ..."

"ಆಗ್ಲಿ ಬಿಡಿ."