ಬಂಗ್ಡೆ ದಪ್ಪ ಆದದ್ದು ಹೇಗೆ?

“ಅಪ್ಪಯ್ಯ, ಅಲ್ಲಾಡ್ಬೇಡಿ! ಮುಳ್ಳ್ ನಿಲ್ತಿಲ್ಲೆ!”

“ನಾನ್ ಎಲ್ಲ್ ಅಲ್ಲಾಡೂದ್? ಅಲ್ಲಾಡೂದ್ ನಿನ್ನ ಬಂಗ್ಡೆ!”

ರತ್ನಾಕರ ತೂಕದ ಮೆಷಿನ್ ಮೇಲೆ ನಿಂತಿದ್ದರು. ಅವರ ತೋಳುಗಳಲ್ಲಿ ಬಂಗ್ಡೆ. ಅದರ ನಾಲ್ಕೂ ಕಾಲು ಗಾಳಿಯಲ್ಲಿ ನೇತಾಡುತ್ತಿದ್ದವು, ಬಾಲ ರತ್ನಾಕರರ ಮೂಗಿಗೆ ಬಡಿಯುತ್ತಿತ್ತು. ಅನಿಷಾ ನೆಲದ ಮೇಲೆ ಬೋರಲು ಮಲಗಿ ಮೆಷಿನ್ನಿನ ಮುಳ್ಳನ್ನೇ ನೋಡುತ್ತಿದ್ದಳು.

“ಹಾಂ, ನಿಂತಿತ್! ಈಗ ಅದನ್ನ್ ಕೆಳಗ್ ಬಿಟ್ಟ್ ನೀವೊಬ್ರೇ ನಿಲ್ಲಿ.”

ಎರಡು ತೂಕ ಬರೆದುಕೊಂಡು ಕಳೆಯುವುದು ಅನಿಷಾಳ ಕೆಲಸ. ಅವಳು ಕಳೆದಳು. ಮತ್ತೊಮ್ಮೆ ಕಳೆದಳು. ಆಮೇಲೆ ಪೆನ್ಸಿಲ್ ಕಚ್ಚಿದಳು.

“ಹೋದ ವಾರಕ್ಕಿಂತ ಒಂದ್ ಕಿಲೋ ಜಾಸ್ತಿ ಆಯ್ತಲೆ ಅಪ್ಪಯ್ಯ!”

“ಜಾಸ್ತಿಯಾ? ಕಮ್ಮಿ ಆಯ್ಕಿದ್ದದ್ದಲ್ದಾ?” ಎಂದು ಫೋನಿನೊಳಗಿಂದ ಅಮ್ಮ ಕೂಗಿದರು. ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಅವರ ಹಣೆ ಮಾತ್ರ ಕಾಣುತ್ತಿತ್ತು.

ಅನಿಷಾಳ ಅಮ್ಮ ಪ್ರಭಾವತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವರು ಹೋಗಿ ಒಂದು ವರ್ಷದ ಮೇಲಾಯಿತು. ಈಗ ಅಪ್ಪನಿಗೂ ಅಲ್ಲಿಯ ಹೋಟೆಲಿನಲ್ಲಿ ಅಡಿಗೆಯ ಕೆಲಸ ಸಿಕ್ಕಿತ್ತು. ಅನಿಷಾಳಿಗೆ ಹೊಸ ಶಾಲೆ ಸಿಕ್ಕಿತ್ತು. ಬಂಗ್ಡೆಗೂ ಜಾಗ ಸಿಕ್ಕಿತ್ತು. ನಾಯಿಯನ್ನು ಒಪ್ಪುವ ಮನೆ ಹುಡುಕಲು ಅಮ್ಮ ಮಸ್ಕತ್ತಿನಲ್ಲಿ ಎಷ್ಟು ಮೆಟ್ಟಿಲು ಹತ್ತಿ ಇಳಿದಿದ್ದರೋ!

ಬಂಗ್ಡೆ ಊರಿನ ನಾಯಿ. ಕಂದು ಮೈ, ಬೆನ್ನಿನ ಮೇಲೆ ಬಂಗಡೆ ಮೀನಿಗೆ ಇರುವಂಥ ಕಪ್ಪು ಕಪ್ಪು ಗೆರೆ. ಅದಕ್ಕೇ ಆ ಹೆಸರು.

ಅದು ವಿಮಾನದಲ್ಲಿ ಹೋಗಲು ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಬಂದಿತ್ತು. ಬಂಗ್ಡೆಗೆ ಆ ಪೆಟ್ಟಿಗೆ ಇಷ್ಟವೇ ಆಗಿತ್ತು. ಮಧ್ಯಾಹ್ನ ಅದರೊಳಗೇ ನಿದ್ದೆ. ತೊಂದರೆ ಇದ್ದದ್ದು ತೂಕದಲ್ಲಿ. ಪೆಟ್ಟಿಗೆಯೂ ನಾಯಿಯೂ ಸೇರಿ ಮೂವತ್ತೆರಡು ಕಿಲೋ ದಾಟಬಾರದು ಎಂದು ವಿಮಾನದವರು ಹೇಳಿದ್ದರು. ದಾಟಿದರೆ ಬಂಗ್ಡೆ ಇವರ ಜೊತೆ ಬರುವಂತಿಲ್ಲ. ಸಾಮಾನು ಸಾಗಿಸುವ ಬೇರೆ ವಿಮಾನದಲ್ಲಿ, ಯಾವತ್ತೋ ಒಂದು ದಿನ, ಅದೊಂದೇ ಬರಬೇಕು.

ಬ್ರಹ್ಮಾವರದ ನಾಯಿ ಡಾಕ್ಟರ್ ಅಮಿತಾ, “ಊಟ ಕಮ್ಮಿ ಮಾಡಿ. ಇನ್ನೂ ಟೈಮ್ ಇದೆ, ಇಳಿಯುತ್ತೆ” ಎಂದಿದ್ದರು. ಅಂದಿನಿಂದ ಬಂಗ್ಡೆಗೆ ಬೆಳಿಗ್ಗೆ ಒಂದು ಸೌಟು ಗಂಜಿ, ರಾತ್ರಿ ಬೇಯಿಸಿದ ಕ್ಯಾರೆಟ್. ಮೀನಿಲ್ಲ, ಮೂಳೆಯಿಲ್ಲ.

“ಗಂಜಿ ಉಂಡ್ ಯಾರಾರೂ ದಪ್ಪ ಆತ್ರಾ?” ಎಂದರು ರತ್ನಾಕರ. “ಒಂದೇ ಕಳ್ಸೂಕೆ ನಂಗ್ ಧೈರ್ಯ ಇಲ್ಲೆ ಪ್ರಭಾ. ಹೀಂಗೇ ಆದ್ರೆ ಇಲ್ಲೇ ಪ್ರೇಮಾನಂದನ ಮನೆಯಂಗೆ ಬಿಟ್ಟ್ ಬಪ್ಪುದೇ ಒಳ್ಳೇದ್.”

ಪ್ರೇಮಾನಂದ ಅಪ್ಪನ ಗೆಳೆಯ, ಓಮ್ನಿ ಓಡಿಸುವವರು. ಒಳ್ಳೆಯವರು. ಆದರೆ ಅನಿಷಾ ಬಂಗ್ಡೆಯನ್ನು ತನ್ನತ್ತ ಎಳೆದುಕೊಂಡಳು.

“ಯಾರೋ ಅದ್ಕೆ ತಿನ್ಸ್ತಿದ್ರ್ ಕಾಣಿ” ಎಂದರು ಅಮ್ಮ. ಫೋನ್ ಕಟ್ಟಾಯಿತು.

ಯಾರು? ಬಂಗ್ಡೆ ನಾಲಿಗೆ ಚಾಚಿ ಅನಿಷಾಳನ್ನೇ ನೋಡುತ್ತಿತ್ತು. ಅದಕ್ಕೆ ಗೊತ್ತಿತ್ತು. ಆದರೆ ಅದು ಹೇಳಬೇಕಲ್ಲ!

ಬೆಳಿಗ್ಗೆ ಅನಿಷಾ ಶಾಲೆಗೆ ಹೊರಡುವ ತನಕ ಬಂಗ್ಡೆ ಅಂಗಳ ಬಿಡುವುದಿಲ್ಲ. ಹಗಲಿಡೀ ಪೆಟ್ಟಿಗೆಯೊಳಗೆ ಗೊರಕೆ ಹೊಡೆಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಹಾಗಾದರೆ ಉಳಿದದ್ದು ಸಂಜೆ. ಸಂಜೆ ಅನಿಷಾ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಆ ಹೊತ್ತಿನಲ್ಲಿ ಬಂಗ್ಡೆ ಎಲ್ಲಿರುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ.

ಬುಧವಾರ ಮಿಸ್‌ಗೆ ಜ್ವರ. ಕ್ಲಾಸ್ ಇರಲಿಲ್ಲ. ಅನಿಷಾ ಬಟ್ಟೆ ಕೂಡ ಬದಲಿಸದೆ ಬಾಗಿಲ ಹಿಂದೆ ನಿಂತಳು.

ಸ್ವಲ್ಪ ಹೊತ್ತಿಗೆ ಬಂಗ್ಡೆ ಎದ್ದಿತು. ಮೈ ಮುರಿಯಿತು. ಮುಂಗಾಲು ಚಾಚಿ ಒಮ್ಮೆ, ಹಿಂಗಾಲು ಚಾಚಿ ಇನ್ನೊಮ್ಮೆ. ಆಮೇಲೆ ಆಫೀಸಿಗೆ ಹೊರಟವರ ಹಾಗೆ ಗೇಟಿನ ಸಂದಿಯಲ್ಲಿ ನುಸುಳಿ ನಡೆಯಿತು. ಅನಿಷಾ ಹಿಂದೆ ಹೊರಟಳು.

ಅವರ ಊರು ಕುಂಭಾಶಿ. ಅಲ್ಲಿಯ ಆನೆಗುಡ್ಡೆ ದೇವಸ್ಥಾನಕ್ಕೆ ಬಂದವರ ಬಸ್ಸುಗಳು ರಸ್ತೆಯ ಬದಿ ನಿಂತಿದ್ದವು. ಬಂಗ್ಡೆ ಯಾವ ಬಸ್ಸನ್ನೂ ಮೂಸಲಿಲ್ಲ. ಸೀದಾ ಹೋಗಿ ಕುಷ್ಟಣ್ಣನ ಚಾ ಹೋಟೆಲಿನ ಮುಂದೆ ಕುಳಿತಿತು.

ಕುಷ್ಟಣ್ಣ ಒಂದು ಗೋಳಿಬಜೆ ಎಸೆದರು. ಬಂಗ್ಡೆ ಗಾಳಿಯಲ್ಲೇ ಹಿಡಿಯಿತು.

“ಕುಷ್ಟಣ್ಣ! ಅದ್ಕೆ ಕೊಡೂಕಾಗ ಅಂದಿದ್ರಲೆ ಅಪ್ಪಯ್ಯ!”

ಕುಷ್ಟಣ್ಣ ಬೆಚ್ಚಿದರು. “ಹ್ವಾಯ್, ನೀನ್ ಎಲ್ಲಿದ್ದಿದ್ದೆ ಹೆಣ್ಣೇ? ಒಂದೇ ಒಂದ್ ಮಾರಾಯ್ತಿ. ಒಂದ್ ಗೋಳಿಬಜೆಗೆ ವಿಮಾನ ಬೀಳತ್ತಾ?”

ಅದು ನಿಜ. ದಿನಕ್ಕೊಂದು ಗೋಳಿಬಜೆಯಿಂದ ಒಂದು ಕಿಲೋ ಏರುವುದಿಲ್ಲ. ಅನಿಷಾ ಮುಂದೆ ನಡೆದಳು.

ತಿರುವಿನಲ್ಲಿ ವನಜಕ್ಕ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಬಂಗ್ಡೆ ಬುಟ್ಟಿಯ ಹತ್ತಿರ ಹೋಗಿ ಬಾಲ ಅಲ್ಲಾಡಿಸಿತು.

“ಇಲ್ಲೆ, ಇಲ್ಲೆ. ಹೋಯ್ಕೋ. ನಿನ್ನ ಯಜಮಾನ್ರ್ ಬೈತ್ರ್” ಎಂದರು ವನಜಕ್ಕ. ಆಮೇಲೆ ಅನಿಷಾಳನ್ನು ನೋಡಿದರು. “ನಾನಂತೂ ಒಂದ್ ತಲಿಯೂ ಕೊಡ್ಲಿಲ್ಲೆ ಮಗಾ. ಆದ್ರೂ ದಿನಾ ಇಲ್ಲಿಂದ್ಲೇ ಹೋತ್ತ್, ಆ ಗದ್ದಿ ಬದಿಗೆ. ಅಲ್ಲೆಂತ ಇತ್ತೋ ಗೊತ್ತಿಲ್ಲೆ.”

ಗದ್ದೆಯ ಬದಿ! ಅನಿಷಾಳ ಕಾಲು ಒಂದು ಕ್ಷಣ ನಿಂತಿತು. ಆ ಗದ್ದೆಯ ಆಚೆ ಇದ್ದದ್ದು ಒಂದೇ ಮನೆ, ರಮಿತಾಳದ್ದು.

ರಮಿತಾ ಒಂದನೇ ಕ್ಲಾಸಿನಿಂದ ಅನಿಷಾಳ ಪಕ್ಕದಲ್ಲೇ ಕೂರುತ್ತಿದ್ದವಳು. ಅನಿಷಾ ಮಸ್ಕತ್ತಿಗೆ ಹೋಗುವ ಸುದ್ದಿ ಹೇಳಿದ ಮರುವಾರ ಅವಳು ಬ್ಯಾಗ್ ಎತ್ತಿಕೊಂಡು ಕೊನೆಯ ಬೆಂಚಿಗೆ ಹೋಗಿ ಕುಳಿತಿದ್ದಳು. “ಎಂತಕೆ?” ಎಂದು ಕೇಳಿದರೆ “ಸುಮ್ನೆ” ಎಂದಿದ್ದಳು. ಅನಿಷಾಳಿಗೂ ಸಿಟ್ಟು ಬಂದಿತ್ತು. ಅಂದಿನಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ.

ಬಂಗ್ಡೆ ಗದ್ದೆಯ ಅಂಚಿನ ಮೇಲೆ ಕುಣಿಯುತ್ತಾ ಓಡಿತು. ಈಗ ಅದಕ್ಕೆ ಗಂಜಿಯ ನೆನಪೇ ಇದ್ದಂತಿರಲಿಲ್ಲ. ಅನಿಷಾ ಬಾಳೆಗಿಡಗಳ ಹಿಂದೆ ಅಡಗಿದಳು.

ರಮಿತಾ ಹಿತ್ತಿಲ ಬಾಗಿಲಿನಿಂದ ಬಂದಳು. ಕೈಯಲ್ಲಿ ದೊಡ್ಡ ಸ್ಟೀಲ್ ಬಟ್ಟಲು. ಅದರ ತುಂಬ ಅನ್ನ, ಅನ್ನದ ಮೇಲೆ ಮೀನಿನ ಸಾರು, ಸಾರಿನ ಮೇಲೆ ಎರಡು ಬೇಯಿಸಿದ ಮೊಟ್ಟೆ! ಬಂಗ್ಡೆ ಬಟ್ಟಲಿಗೇ ಮುಖ ಹಾಕಿತು.

ರಮಿತಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದರ ಬೆನ್ನು ಸವರಿದಳು. “ಸಮಾ ತಿನ್. ಇನ್ನೊಂಚೂರ್ ದಪ್ಪ ಆಯ್ಕ್ ನೀನ್.”

“ಎಂತಕೆ ದಪ್ಪ ಆಯ್ಕ್?”

ರಮಿತಾ ಬೆಚ್ಚಿ ಹಿಂದಕ್ಕೆ ಬಿದ್ದೇಬಿಟ್ಟಳು. ಬಾಳೆಗಿಡದ ಹತ್ತಿರ ಅನಿಷಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಂಗ್ಡೆ ಮಾತ್ರ ತಲೆ ಎತ್ತಲಿಲ್ಲ. ಅದು ಎರಡನೇ ಮೊಟ್ಟೆಗೆ ಬಂದಿತ್ತು.

“ಹೇಳ್! ಎಂತಕೆ ನನ್ನ ನಾಯಿಗ್ ತಿನ್ಸ್ತಿದ್ದೆ? ಅದ್ರ ತೂಕ ಜಾಸ್ತಿ ಆದ್ರೆ ಎಂತ ಆತ್ತ್ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತ್” ಎಂದಳು ರಮಿತಾ. ಅವಳ ಮುಖ ಕೆಂಪಾಗಿತ್ತು. “ವಿಮಾನದಂಗೆ ಬಿಡ್ತಿಲ್ಲೆ. ಅದ್ಕೇ ತಿನ್ಸಿದ್ದ್.”

“ಅಂದ್ರೆ ಬಂಗ್ಡೆ ನನ್ನ ಒಟ್ಟಿಗ್ ಬಪ್ಪುದೇ ಬ್ಯಾಡ ಅಂದಾ?”

“ಬಂಗ್ಡೆ ಅಲ್ಲ!” ರಮಿತಾ ಎದ್ದು ನಿಂತಳು. “ನೀನೇ ಹೇಳಿದ್ದಲ್ದಾ ಕ್ಲಾಸಂಗೆ? ಬಂಗ್ಡೆ ಬರ್ದಿದ್ರೆ ನಾನೂ ಹೋತಿಲ್ಲೆ ಅಂದ್. ಎಲ್ಲರೆದ್ರಿಗೆ ಹೇಳಿದೆ.”

ಅನಿಷಾಳಿಗೆ ಆಗ ನೆನಪಾಯಿತು. ಹೌದು, ಹೇಳಿದ್ದಳು. ತೂಕದ ವಿಷಯ ತಿಳಿದ ದಿನ, ಜಂಬದಲ್ಲಿ, ಡೆಸ್ಕಿನ ಮೇಲೆ ಕೈ ಬಡಿದು ಹೇಳಿದ್ದಳು. ಹೇಳಿ ಮರೆತೂ ಬಿಟ್ಟಿದ್ದಳು. ಯಾರೋ ಒಬ್ಬರು ಅದನ್ನು ಅಷ್ಟು ಗಟ್ಟಿಯಾಗಿ ನಂಬಿ, ದಿನಾ ತಮ್ಮ ಪಾಲಿನ ಮೊಟ್ಟೆ ತೆಗೆದಿಡುತ್ತಾರೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

“ಅದ್ ಬಪ್ಪೂಕಾಗ್ದಿದ್ರೆ ಆರಾಮಾಗಿ ಇಲ್ಲೇ ಇರತ್ತ್. ನೀನೂ ಇರ್ತಿ ಅಂದ್ ಎಣ್ಸಿದೆ” ಎಂದಳು ರಮಿತಾ.

ಅನಿಷಾ ನಿಧಾನವಾಗಿ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕುಳಿತಳು.

“ಬಂಗ್ಡೆ ಬರ್ದಿದ್ರೂ ನಾನ್ ಹೋಯ್ಕ್ ರಮಿ” ಎಂದಳು. ಇಷ್ಟು ದಿನ ಅವಳು ಇದನ್ನು ತನಗೇ ಹೇಳಿಕೊಂಡಿರಲಿಲ್ಲ. “ಅಮ್ಮ ಅಲ್ಲಿತ್ತಲೆ. ಫೋನಂಗೆ ಬರೀ ಹಣಿ ಕಾಣತ್ತ್. ನಂಗೆ ಅಮ್ಮ ಪೂರ್ತಿ ಬೇಕ್.”

ರಮಿತಾ ಬಂದು ಪಕ್ಕದಲ್ಲಿ ಕುಳಿತಳು. ಅಡಿಗೆಮನೆಯಲ್ಲಿ ಅವಳ ಅಮ್ಮ ಸುಗಂಧಿ ಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಬಂಗ್ಡೆ ಬಟ್ಟಲು ನೆಕ್ಕಿ ನೆಕ್ಕಿ ಬಾವಿಕಟ್ಟೆಯ ತನಕ ತಳ್ಳಿಕೊಂಡು ಹೋಗಿತ್ತು.

“ಮತ್ತೆ ಬಂಗ್ಡೆ?” ಎಂದು ಕೊನೆಗೆ ಕೇಳಿದಳು ರಮಿತಾ.

“ಸಾಮಾನಿನ ವಿಮಾನದಂಗೆ ಒಂದೇ ಬರ್ಕ್. ಅದ್ಕೆ ಅಪ್ಪಯ್ಯಂಗೆ ಹೆದ್ರಿಕೆ, ಇಲ್ಲೇ ಬಿಡೂದ್ ಅಂತ್ರ್. ಆಗ ದಿನಾ ಗೇಟ್ ಹತ್ರ ಕೂತ್ಕಂಡ್ ನನ್ನ ಕಾಯತ್ತ್ ಅದ್.”

ರಮಿತಾ ಬಂಗ್ಡೆಯನ್ನು ನೋಡಿದಳು. ಅದು ಬಟ್ಟಲು ಬಿಟ್ಟು ಬಂದು ಅನಿಷಾಳ ಪಾದದ ಮೇಲೆ ಗಲ್ಲ ಇಟ್ಟು ಮಲಗಿತು. ರಮಿತಾ ಲಂಗದ ಅಂಚಿನಿಂದ ಮುಖ ಒರೆಸಿಕೊಂಡಳು.

“ಕೊನಿ ಬೆಂಚಿಗ್ ಎಂತಕೆ ಹೋದ್ದ್ ನೀನ್?” ಅನಿಷಾ ಮತ್ತೆ ಕೇಳಿದಳು. “ಸುಮ್ನೆ ಅನ್ಬೇಡ.”

ರಮಿತಾ ಮೆಟ್ಟಿಲಿನ ಬಿರುಕಿನಲ್ಲಿ ಕಡ್ಡಿ ಆಡಿಸಿದಳು. “ನೀನ್ ಹೋದ್ಮೇಲೆ ಒಬ್ಳೇ ಕೂರ್ಕಲೆ. ಅದ್ಕೆ ಈಗ್ಳೇ ಅಭ್ಯಾಸ ಮಾಡ್ತಿದ್ದೆ.”

“ಆಯ್ತಾ ಅಭ್ಯಾಸ?”

“ಇಲ್ಲೆ.”

ಇಬ್ಬರಿಗೂ ನಗು ಬಂತು. ಯಾಕೆ ಬಂತು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

ಆ ರಾತ್ರಿ ರತ್ನಾಕರ ಕೇಳಿದರು, “ಯಾರಂಬ್ರ್ ತಿನ್ಸೂದ್? ಗೊತ್ತಾಯ್ತಾ?”

“ಕುಷ್ಟಣ್ಣ ಒಂದ್ ಗೋಳಿಬಜೆ ಕೊಡ್ತ್ರ್” ಎಂದಳು ಅನಿಷಾ. “ಮತ್ತೊಬ್ರ್ ಇದ್ದಿದ್ರ್. ಅವ್ರ್ ಇನ್ ಕೊಡ್ತಿಲ್ಲೆ ಅಂದಿದ್ರ್ ಅಪ್ಪಯ್ಯ. ಹೆಸ್ರ್ ಕೇಣ್ಬೇಡಿ.”

ರತ್ನಾಕರ ಮಗಳ ಮುಖ ನೋಡಿದರು. ಕೇಳಲಿಲ್ಲ.

ಮರುದಿನದಿಂದ ಸಂಜೆ ಕ್ಲಾಸ್ ಮುಗಿದ ಕೂಡಲೇ ಅನಿಷಾ ಗದ್ದೆಯ ಕಡೆ ಓಡುತ್ತಿದ್ದಳು. ಕೊಯ್ಲು ಮುಗಿದ ಗದ್ದೆ. ಆ ತುದಿಯಲ್ಲಿ ರಮಿತಾ, ಈ ತುದಿಯಲ್ಲಿ ಅನಿಷಾ. “ಬಂಗ್ಡೇ, ಬಾ!” ಎಂದು ಒಬ್ಬಳು ಕೂಗಿದರೆ ಅದು ಕಿವಿ ಹಿಂದಕ್ಕೆ ಮಾಡಿ ಹಾರಿ ಬರುತ್ತಿತ್ತು. ಮುಟ್ಟುವಷ್ಟರಲ್ಲಿ ಇನ್ನೊಬ್ಬಳು ಕೂಗುತ್ತಿದ್ದಳು. ಮೊದಮೊದಲು ಬಂಗ್ಡೆ ನಡುವೆ ಕುಳಿತು ಬಟ್ಟಲಿಗಾಗಿ ಕಾಯುತ್ತಿತ್ತು. ಆಮೇಲೆ ಬಟ್ಟಲಿನ ಆಸೆ ಬಿಟ್ಟು ಆಟಕ್ಕೆ ಬಿತ್ತು. ಶಾಲೆಯಲ್ಲಿ ರಮಿತಾಳ ಬ್ಯಾಗ್ ಯಾವಾಗ ಮತ್ತೆ ಅನಿಷಾಳ ಬೆಂಚಿಗೆ ಬಂತೋ ಯಾರೂ ಗಮನಿಸಲಿಲ್ಲ.

ಹೊರಡುವ ದಿನ ಹತ್ತಿರ ಬಂತು. ಕೊನೆಯ ತಪಾಸಣೆಗೆ ಪ್ರೇಮಾನಂದ ಓಮ್ನಿ ತಂದರು. ಹಿಂದಿನ ಸೀಟು ಬಿಚ್ಚಿ ಪೆಟ್ಟಿಗೆ ಇಟ್ಟರು. ಆಚೆ ಈಚೆ ಅನಿಷಾ, ರಮಿತಾ ಚಾಪೆ ಹಾಕಿ ಕುಳಿತರು.

ಬ್ರಹ್ಮಾವರದ ಕ್ಲಿನಿಕ್ಕಿನಲ್ಲಿ ದೊಡ್ಡ ತೂಕದ ಹಲಗೆ ಇತ್ತು. ಡಾಕ್ಟರ್ ಅಮಿತಾ ಬಂಗ್ಡೆಯ ಬಾಯಿ, ಕಿವಿ ಎಲ್ಲ ನೋಡಿ ಅದನ್ನು ಪೆಟ್ಟಿಗೆಯೊಳಗೆ ಬಿಟ್ಟರು. ರತ್ನಾಕರ, ಪ್ರೇಮಾನಂದ ಸೇರಿ ಪೆಟ್ಟಿಗೆಯನ್ನು ಹಲಗೆಯ ಮೇಲೆ ಇಟ್ಟರು. ಕೆಂಪು ಅಂಕೆಗಳು ಮೇಲೆ ಕೆಳಗೆ ಓಡಿದವು. ಅನಿಷಾ ಕಣ್ಣು ಮುಚ್ಚಿಕೊಂಡಳು.

“ಮೂವತ್ತೊಂದೂವರೆ!” ಎಂದು ಕೂಗಿದ್ದು ರಮಿತಾ. “ಅನಿ, ಕಣ್ ಬಿಡ್! ಮೂವತ್ತೊಂದೂವರೆ!”

ಡಾಕ್ಟರ್ ನಕ್ಕರು. “ಇಷ್ಟು ಬೇಗ ಇಳಿಸಿದ್ದು ಯಾರು?”

“ಇವಳ್” ಎಂದು ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು.

ಹಿಂತಿರುಗುವಾಗ ಓಮ್ನಿಯಲ್ಲಿ ಬಿಸಿಲು ತುಂಬಿತ್ತು. ಮುಂದೆ ಅಪ್ಪ ಮತ್ತು ಪ್ರೇಮಾನಂದ ಏನೋ ಮಾತಾಡುತ್ತಿದ್ದರು. ಬಂಗ್ಡೆ ಪೆಟ್ಟಿಗೆಯ ಜಾಲರಿಗೆ ಮೂಗು ಒತ್ತಿ ಹಿಂದಕ್ಕೆ ಓಡುವ ರಸ್ತೆಯನ್ನು ನೋಡುತ್ತಿತ್ತು. ಸಾಲಿಗ್ರಾಮ ದಾಟಿತು. ರಮಿತಾ ಜಾಲರಿಯೊಳಗೆ ಬೆರಳು ತೂರಿಸಿ ಅದರ ಕತ್ತು ಕೆರೆಯುತ್ತಿದ್ದಳು. ಕೋಟೇಶ್ವರಕ್ಕೆ ಹೋಗುವ ಬಸ್ಸೊಂದು ಹಾರ್ನ್ ಹೊಡೆದು ಮುಂದೆ ಹೋಯಿತು.

“ಅನಿ” ಎಂದಳು ರಮಿತಾ ಇದ್ದಕ್ಕಿದ್ದಂತೆ.

“ಹಾಂ?”

“ಮಸ್ಕತ್ತಿನ ನಾಯಿ ಕೂಗಿದ್ದ್ ಬಂಗ್ಡೆಗ್ ಅರ್ಥ ಆತ್ತಾ?”

ಅನಿಷಾ ಅವಳತ್ತ ತಿರುಗಿದಳು. ಸುದ್ದಿ ಹೇಳಿದ ದಿನದಿಂದ ರಮಿತಾ ಮಸ್ಕತ್ತಿನ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ. ಈಗ ಹುಬ್ಬು ಮೇಲೆ ಮಾಡಿ, ನಿಜವಾಗಿ ತಿಳಿಯಬೇಕು ಎನ್ನುವ ಹಾಗೆ ಕಾಯುತ್ತಿದ್ದಳು.

“ಗೊತ್ತಿಲ್ಲೆ” ಎಂದಳು ಅನಿಷಾ. “ಹೋದ್ಮೇಲ್ ಕಂಡ್ ಹೇಳ್ತೆ.”

“ಹೂಂ. ಮತ್ತೆ ಅಲ್ಲಿ ಸಮುದ್ರ ಇತ್ತಲೆ? ಅದ್ರಂಗೆ ಬಂಗ್ಡೆ ಮೀನ್ ಸಿಕ್ಕತ್ತಾ? ಅಲ್ಲಿಯವ್ರ್ ಅದ್ಕೆ ಎಂತ ಅಂತ್ರ್?”

“ಅದೂ ಹೇಳ್ತೆ.”

ರಮಿತಾ ಬೆರಳು ಮಡಚಿ ಮುಂದಿನ ಪ್ರಶ್ನೆ ಯೋಚಿಸತೊಡಗಿದಳು. ಅನಿಷಾ ಪೆಟ್ಟಿಗೆಗೆ ಒರಗಿ ಕುಳಿತಳು. ಕುಂಭಾಶಿ ಬರಲು ಇನ್ನೂ ಸ್ವಲ್ಪ ದಾರಿಯಿತ್ತು.